ಜಂಬಣ್ಣನವರ ಇಂಟು ಮಾರ್ಕು

ಒಂದು ಕಾಲಕ್ಕೆ ಭದ್ರಾವತಿಯ ಜನ ಎರಡೇ ಎರಡು ಸದ್ದಿಗೆ ಬೆಚ್ಚಿ ಬೀಳುತ್ತಿದ್ದರಂತೆ. ಒಂದು, ಕಾರ್ಖಾನೆಯ ಸೈರನ್ನು. ಇನ್ನೊಂದು, ಜಂಬಣ್ಣನವರ ಸುತ್ತಿಗೆ!

ಸುತ್ತಿಗೆ ಅಂದರೆ ಭೀಮನ ಗದೆಯೇನಲ್ಲ. ಅಂಗೈ ಉದ್ದದ್ದು, ಜೇಬಿನಲ್ಲಿಟ್ಟರೆ ಹಿಡಿ ಮಾತ್ರ ಹೊರಗೆ ಇಣುಕುವಂಥದ್ದು. ಎರಕ ಹೊಯ್ದು ತೆಗೆದ ಕಬ್ಬಿಣದ ಸಾಮಾನಿನಲ್ಲಿ ಬಿರುಕು ಇದೆಯೋ ಇಲ್ಲವೋ ಪರೀಕ್ಷೆ ಮಾಡುವುದು ಜಂಬಣ್ಣನವರ ಕೆಲಸವಾಗಿತ್ತು. ಸಾಮಾನಿನ ಮುಂದೆ ಕುಕ್ಕರಗಾಲಲ್ಲಿ ಕೂರುವರು. ಕಣ್ಣು ಮುಚ್ಚುವರು. ಠಣ್! ಕಿವಿ ಹತ್ತಿರ ತರುವರು. ಸದ್ದು ಸರಿ ಬಂದರೆ ಜೇಬಿನ ಸೀಮೆಸುಣ್ಣದಿಂದ ರೈಟು ಮಾರ್ಕು, ಒಡಕು ಬಂದರೆ ಇಂಟು ಮಾರ್ಕು. ರೈಟು ಬಿದ್ದ ಮಾಲು ಲಾರಿ ಹತ್ತಿ ಊರು ಬಿಡುತ್ತಿತ್ತು. ಇಂಟು ಬಿದ್ದದ್ದು ಅಲ್ಲೇ ಅಂಗಳದಲ್ಲಿ ಉಳಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಇದೇ ತೀರ್ಪು, ಇದೇ ನ್ಯಾಯಪೀಠ, ಮೇಲ್ಮನವಿಗೆ ಅವಕಾಶವಿಲ್ಲ!

ಜೊತೆಗೆ ಕೆಲಸ ಮಾಡಿದ ಹೊನ್ನಯ್ಯ ಈಗಲೂ ಆಣೆ ಇಟ್ಟು ಹೇಳುತ್ತಾರೆ: "ಒಂದ್ಸಲ ಠಣ್ ಅನ್ಸಿ, 'ಒಳಗೆ ಕಡ್ಲೆಕಾಳಿನಷ್ಟು ಗಾಳಿಗುಳ್ಳೆ ಇದೆ' ಅಂದ್ಬಿಟ್ರು. ನಂಬಲಿಲ್ಲ ನಾವು. ಒಡೆದು ನೋಡಿದ್ವಿ. ಕಡ್ಲೆಕಾಳಲ್ಲ, ಹೆಸ್ರುಕಾಳು! ಅವ್ರ ಸರ್ವೀಸಲ್ಲಿ ಅದೊಂದೇ ತಪ್ಪು!"

ಜಂಬಣ್ಣನವರು ರಿಟೈರ್ ಆದರು. ಸುತ್ತಿಗೆ ಆಗಲಿಲ್ಲ. ಜನ್ನಾಪುರದ ಅವರ ಮನೆಗೆ ಬಂದ ಯಾವ ವಸ್ತುವೂ ಠಣ್ ಅನ್ನದೆ ಹೊಸ್ತಿಲು ದಾಟಿ ಒಳಗೆ ಹೋದದ್ದಿಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಗ್ಯಾಸ್ ಸಿಲಿಂಡರ್, ಹೊಸ ಬಾಗಿಲು. ಕೊನೆಗೆ ಮಗಳನ್ನು ನೋಡಲು ಬಂದ ಗಂಡನ್ನೂ ಬಿಡಲಿಲ್ಲ. ಬೆನ್ನ ಮೇಲೆ ಗೆಣ್ಣಿನಿಂದ ಎರಡು ಸಲ ಬಡಿದು, "ಹ್ಞೂಂ, ಇರ್ಲಿ" ಅಂದರು.

ಆ ಗಂಡೇ ನಮ್ಮ ವೀರೇಂದ್ರ. ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮದುವೆಯಾಗಿ ಹದಿನೆಂಟು ವರ್ಷವಾದರೂ ಆ "ಇರ್ಲಿ" ಪಾಸೋ ಫೇಲೋ ಎಂಬುದು ಅವನಿಗೆ ತೀರ್ಮಾನವಾಗಿರಲಿಲ್ಲ. ಏಕೆಂದರೆ ಅಂದಿನಿಂದ ಇಂದಿನವರೆಗೆ ಅವನು ಮಾವನಿಗೆ ಹಬ್ಬಕ್ಕೆಂದು ಕೊಟ್ಟ ಒಂದೇ ಒಂದು ಉಡುಗೊರೆಗೂ ರೈಟು ಬಿದ್ದಿರಲಿಲ್ಲ! ಗೋಡೆ ಗಡಿಯಾರಕ್ಕೆ ಇಂಟು. ಫ್ಲಾಸ್ಕಿಗೆ ಇಂಟು. ಕಾಲು ಒತ್ತುವ ಮಿಷನ್ನಿಗೆ ಇಂಟು. ಒಂದು ದೀಪಾವಳಿಗೆ, ಬಡಿದರೆ ಸದ್ದೇ ಬರದಿರಲಿ ಎಂದು ಹಟ ತೊಟ್ಟು ಉಣ್ಣೆಯ ಶಾಲು ತಂದ. ಜಂಬಣ್ಣನವರು ಶಾಲನ್ನು ಮಡಿಸಿ ಮಣೆಯ ಮೇಲಿಟ್ಟು ಬಡಿದರು. ಕಿವಿಗೊಟ್ಟರು. ತಲೆ ಅಲ್ಲಾಡಿಸಿದರು. ಡಬ್ಬದ ಮೇಲೆ ಇಂಟು!

ಇಂಟು ಬಿದ್ದ ಮೇಲೆ ಅದನ್ನು ಶಿವಮೊಗ್ಗಕ್ಕೆ ಹೊತ್ತು ತಂದು, ಅಂಗಡಿಯವನ ಮುಖ ನೋಡಿ, ಬದಲಾಯಿಸಿಕೊಂಡು, ಮುಂದಿನ ಭಾನುವಾರ ಹೆಂಡತಿ ಮಗಳ ಸಮೇತ ಮತ್ತೆ ಜನ್ನಾಪುರಕ್ಕೆ ಹೋಗಬೇಕು. ಎರಡನೇ ಸಲ ತಂದದ್ದನ್ನು ಜಂಬಣ್ಣನವರು ಬಡಿಯುತ್ತಲೂ ಇರಲಿಲ್ಲ. "ಇಡಿ ಅಲ್ಲಿ. ಊಟಕ್ಕೆ ಏಳಿ" ಅಷ್ಟೇ.

ಈ ಪರೀಕ್ಷೆಯಲ್ಲಿ ವೀರೇಂದ್ರನ ವಿಜ್ಞಾನದ ಕಣ್ಣಿಗೆ ಬಿದ್ದ ಒಂದು ಸೂಕ್ಷ್ಮವಿತ್ತು. ಕಲ್ಲಂಗಡಿ, ತೆಂಗಿನಕಾಯಿಗಳಿಗೆ ಮಾವನವರು ಬಲಗಿವಿ ಕೊಡುತ್ತಿದ್ದರು. ಅಳಿಯನ ಉಡುಗೊರೆಗೆ ಮಾತ್ರ ಎಡಗಿವಿ!

"ನೋಡು ದಾಕ್ಷಿ, ಬಲಗಿವಿ ಮಾಮೂಲಿ ದೋಷಕ್ಕೆ. ಎಡಗಿವಿ ಅತಿ ಸೂಕ್ಷ್ಮ ದೋಷಕ್ಕೆ. ಸಂಗೀತ ವಿದ್ವಾಂಸರಿಗೆ ಇರುತ್ತಲ್ಲ, ಅಂಥದ್ದು" ಎಂದು ಅವನು ಹೆಂಡತಿ ದಾಕ್ಷಾಯಣಿಗೆ ಭಕ್ತಿಯಿಂದ ವಿವರಿಸಿದ್ದ.

"ನಮ್ಮ ಅಪ್ಪಾಜಿನಾ? ಪಕ್ಕದಲ್ಲೇ ಕೂತು ಕರೆದ್ರೂ ಒಂದೊಂದ್ಸಲ ಓ ಅನ್ನಲ್ಲ" ಎಂದಿದ್ದಳು ಅವಳು.

"ಮಹಾತ್ಮರು ಹಾಗೇ ಕಣೇ. ಅಂತರ್ಮುಖಿಗಳು!"

ಈ ಸಲದ ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ವೀರೇಂದ್ರ ನಡುಮನೆಯಲ್ಲಿ ನಿಂತು ಭೀಷ್ಮ ಪ್ರತಿಜ್ಞೆ ಮಾಡಿದ. "ಇನ್ನು ಅಂಗಡಿ ಮೆಟ್ಟಿಲು ಹತ್ತೋದಿಲ್ಲ! ಈ ಹಬ್ಬಕ್ಕೆ ಮಾವನಿಗೆ ನಮ್ಮ ಕೈಯಾರೆ ಮಾಡಿದ ಸಕ್ಕರೆ ಅಚ್ಚು. ಈ ಸಲ ರೈಟು ಮಾರ್ಕು ಹಾಕಿಸ್ಕೊಳ್ಳದೆ ಭದ್ರಾವತಿ ಬಿಟ್ಟು ಬಂದ್ರೆ ನನ್ನ ಹೆಸರು ವೀರೇಂದ್ರನೇ ಅಲ್ಲ!"

ಹತ್ತನೇ ಕ್ಲಾಸಿನ ಮಗಳು ಸ್ಫೂರ್ತಿ ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು, "ಮತ್ತೆ ಏನು ಹೆಸರಿಟ್ಕೊಳ್ತೀರಾ ಅಪ್ಪಾ?"

"ರೀ, ಸಕ್ಕರೆ ಅಚ್ಚು ಅಂದ್ರೆ ಹುಡುಗಾಟ ಅಲ್ಲ. ಪಾಕದ ಹದ ನಮ್ಮ ಅಮ್ಮನಿಗೇ ಕೆಲವು ಸಲ ಕೈಕೊಡುತ್ತೆ" ಎಂದಳು ದಾಕ್ಷಾಯಣಿ.

"ಹದ! ಎಂಥ ಹದ ಮಾರಾಯ್ತಿ? ದ್ರಾವಣ, ಅತಿಪರ್ಯಾಪ್ತ ದ್ರಾವಣ, ಸ್ಫಟಿಕೀಕರಣ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೀತಾ ಇದ್ದೀನಿ. ನಿಮ್ಮಮ್ಮ ಮಾಡೋದು ಅಡುಗೆ. ನಾನು ಮಾಡೋದು ಪ್ರಯೋಗ!"

ಅಚ್ಚು ತರಲು ಅದೇ ಭಾನುವಾರ ಜನ್ನಾಪುರಕ್ಕೆ ಸವಾರಿ ಹೋಯಿತು. ಅತ್ತೆ ಮಹಾಂತಮ್ಮ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿದರು. ಗಿಳಿ, ಬಾಳೆಗೊನೆ, ಬೃಂದಾವನ. ಎಲ್ಲಕ್ಕಿಂತ ಕೊನೆಗೆ, ಎರಡು ಹೋಳು ಜೋಡಿಸಿ ದಾರ ಕಟ್ಟಿದ್ದ ದೊಡ್ಡದೊಂದು ಅಚ್ಚು. ಆನೆ!

"ಇದು ನಿಮ್ಮ ಮಾವನೇ ಕೆತ್ತಿದ್ದು" ಎಂದರು ಮಹಾಂತಮ್ಮ, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ. "ಮದುವೆಯಾದ ಮೊದಲ ಸಂಕ್ರಾಂತಿಗೆ. ಸಕ್ರೆಬೈಲಿಗೆ ಹೋಗಿ, ಆನೆ ಸ್ನಾನ ಮಾಡ್ಸೋದು ನೋಡ್ಕೊಂಡು ಬಂದು ಕೆತ್ತಿದ್ರು. ನಾನು ಸೊಂಡ್ಲು ಗಿಡ್ಡ ಆಯ್ತು ಅಂತ ವಾಪಸ್ ಕೊಟ್ಟೆ. ತಿದ್ದಿ ತಂದ್ರು. ಕಿವಿ ದಪ್ಪ ಅಂದೆ. ಮತ್ತೆ ತಿದ್ದಿದ್ರು. ಹಿಂಗೇ ಮೂರು ಸಲ. ಆಗೆಲ್ಲ ಶಿಫ್ಟ್ ಮುಗಿದ ಮೇಲೆ ಮನೆಗೆ ಬರೋ ಬದ್ಲು ಸ್ನೇಹಿತರ ಜೊತೆ ಹೋಗ್ತಿದ್ರು. ಆ ಒಂದು ತಿಂಗಳು ಸಂಜೆ ಪೂರ್ತಿ ನನ್ನ ಪಕ್ಕದಲ್ಲೇ ಕೂತು ಕೆತ್ತಿದ್ರು."

"ನಿಜವಾಗ್ಲೂ ಸೊಂಡಿಲು ಗಿಡ್ಡ ಇತ್ತಾ ಅತ್ತೆ?"

ಮಹಾಂತಮ್ಮ ನಕ್ಕು, "ಹಿಂದಿನ ದಿನವೇ ಅಚ್ಚನ್ನ ನೀರಲ್ಲಿ ನೆನೆಸಿಡೋದು ಮರೀಬೇಡಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಕಥೆ ಕೆಟ್ಟದ್ದು ಇಲ್ಲೇ. ವೀರೇಂದ್ರ ಮರೆಯಲಿಲ್ಲ. ಮರೆತಿದ್ದರೆ ಯಾರಾದರೂ ನೆನಪಿಸುತ್ತಿದ್ದರು. ಅವನು ಯೋಚಿಸಿದ! ಪಾಕದಿಂದ ನೀರು ಹೋದರೆ ತಾನೇ ಸಕ್ಕರೆ ಹರಳಾಗುವುದು? ಹಾಗಿದ್ದ ಮೇಲೆ ಅಚ್ಚಿಗೆ ನೀರು ಕುಡಿಸುವುದು ಯಾವ ಶಾಸ್ತ್ರ? ಇದು ಶತಮಾನಗಳ ಮೂಢನಂಬಿಕೆ ಎಂದು ತೀರ್ಮಾನಿಸಿ, ಹಬ್ಬದ ಹಿಂದಿನ ಎರಡು ದಿನ ಅಚ್ಚುಗಳನ್ನು ಹಪ್ಪಳದಂತೆ ತಾರಸಿಯ ಬಿಸಿಲಿನಲ್ಲಿ ಒಣಗಿಸಿದ. "ತೇವಾಂಶ ಸೊನ್ನೆ!" ಎಂದು ಘೋಷಿಸಿ ಕೆಳಗಿಳಿದು ಬಂದ. ಅಚ್ಚಿನ ಹೋಳುಗಳ ನಡುವೆ ಸೂಜಿ ತೂರುವಷ್ಟು ಸಂದಿ ಬಿಟ್ಟಿದ್ದನ್ನು ಅವನ ವಿಜ್ಞಾನ ಗಮನಿಸಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆ ರಣಾಂಗಣವಾಯಿತು. ಸಕ್ಕರೆಗೆ ನೀರು ಬಿತ್ತು, ಕುದಿ ಬಂತು, ಹಾಲು ಬಿತ್ತು, ಕೊಳೆ ಮೇಲೆ ಬಂತು. ಸ್ಫೂರ್ತಿ ಬಿಳಿ ಬಟ್ಟೆ ಹಿಡಿದಳು, ದಾಕ್ಷಾಯಣಿ ಸೋಸಿದಳು, ಸೇನಾಪತಿ ವೀರೇಂದ್ರ ಕಟ್ಟೆಗೆ ಒರಗಿ ನಿಂತು ಲೆಕ್ಚರ್ ಕೊಟ್ಟ. ಮೊದಲ ಸೌಟು ಪಾಕವನ್ನು ಗಿಳಿಯ ಅಚ್ಚಿಗೆ ಹೊಯ್ದರು. ಅದು ಸಂದಿಯಿಂದ ಹೊರಟು ಕಟ್ಟೆಯ ಮೇಲೆ ಹರಿದು ಸೀದಾ ವೀರೇಂದ್ರನ ಚಪ್ಪಲಿಯೊಳಕ್ಕೆ ಇಳಿಯಿತು. ಬಾಳೆಗೊನೆ ಬಿಡಿಸಿದರೆ ಆಲೂಗಡ್ಡೆ ಬಂತು. ಬೃಂದಾವನ ಬಿಡಿಸಿದರೆ ಏನೂ ಬರಲಿಲ್ಲ!

"ಅಪ್ಪಾ, ಇದು ಗಿಳಿನಾ?" ಎಂದು ಕೊಕ್ಕು, ತಲೆ, ಬಾಲ ಮೂರೂ ಇಲ್ಲದ ಒಂದು ತುಂಡನ್ನು ಎತ್ತಿ ಹಿಡಿದಳು ಸ್ಫೂರ್ತಿ.

"ಗಿಳಿಯ ಆತ್ಮ" ಎಂದಳು ದಾಕ್ಷಾಯಣಿ.

ಮೂವರೂ ನಗಲು ಶುರುಮಾಡಿದರು. ಆಗಲೇ ನಡುಮನೆಯಲ್ಲಿ ಸ್ಫೂರ್ತಿಯ ಮೊಬೈಲು ಬಡಿದುಕೊಂಡಿತು. ಅವಳು ಕೈ ನೋಡಿಕೊಂಡಳು. ಮೊಣಕೈವರೆಗೆ ಪಾಕ. ಮುಟ್ಟುವಂತಿಲ್ಲ. ವೀರೇಂದ್ರನ ಮೊಬೈಲೂ ಬಡಿದುಕೊಂಡಿತು. ಅಚ್ಚು ಬಿಡಿಸಲು ಹೋಗಿ ಅವನ ಹತ್ತೂ ಬೆರಳು ಒಂದಕ್ಕೊಂದು ಅಂಟಿಕೊಂಡು ಬಾತುಕೋಳಿಯ ಕಾಲಾಗಿತ್ತು. ಆ ಮಧ್ಯಾಹ್ನ ನಾಲ್ಕು ಗಂಟೆ ಕಾಲ ರವೀಂದ್ರನಗರದ ಆ ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಲಿಲ್ಲ! ದಾಕ್ಷಾಯಣಿ ತಾನು ಚಿಕ್ಕವಳಿದ್ದಾಗ ತಮ್ಮ ಜ್ಞಾನೇಶನ ಪಾಲಿನ ಬಾಳೆಗೊನೆಯನ್ನು ಕದ್ದು, ನೆಕ್ಕಿ ನೆಕ್ಕಿ ಸಣ್ಣದು ಮಾಡಿ ವಾಪಸಿಟ್ಟ ಕಥೆ ಹೇಳಿದಳು. ಸ್ಫೂರ್ತಿ ತನಗೆ ಸೈನ್ಸ್ ಬೇಡ, ಚಿತ್ರಕಲೆ ಬೇಕು ಎಂಬ ಬಾಂಬನ್ನು ಪಾಕ ಕಲಕುತ್ತಲೇ ಹಾಕಿದಳು. ಬೇರೆ ದಿನವಾಗಿದ್ದರೆ ವೀರೇಂದ್ರ ಅರ್ಧಕ್ಕೇ ಎದ್ದು ಹೊರಟುಬಿಡುತ್ತಿದ್ದ. ಇವತ್ತು ಚಪ್ಪಲಿ ನೆಲಕ್ಕೆ ಅಂಟಿದ್ದರಿಂದ ನಿಂತಲ್ಲೇ ನಿಂತು ಪೂರ್ತಿ ಕೇಳಿದ.

ಆಮೇಲೆ ಅದು ನಡೆಯಿತು. ಬಟ್ಟಲಿನಲ್ಲಿ ಉಳಿದಿದ್ದ ಕಡೆಯ ಪಾಕವನ್ನು ವೀರೇಂದ್ರನೇ ಸೌಟಿನಲ್ಲಿ ತಿರುವುತ್ತಿದ್ದ. ನೀರಿನಂತೆ ತಿಳಿಯಾಗಿದ್ದದ್ದು, ತಿರುವುತ್ತ ತಿರುವುತ್ತ, ಕಣ್ಣೆದುರಿಗೇ ಮಂಜು ಮುಸುಕಿದಂತಾಗಿ, ಒಂದೇ ಉಸಿರಿನಲ್ಲಿ ಹಾಲಿನ ಹಾಗೆ ಬೆಳ್ಳಗಾಯಿತು!

ವೀರೇಂದ್ರ ಬಾಯಿ ತೆರೆದು ನಿಂತ. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆದದ್ದು ಇದೇ. ನೋಡಿದ್ದು ಇದೇ ಮೊದಲು.

"ದಾಕ್ಷಿ, ನೋಡಿದ್ಯಾ?" ಎಂದ ಪಿಸುದನಿಯಲ್ಲಿ.

"ನೋಡಿದೆ. ಹೊಯ್ರೀ ಬೇಗ, ಗಟ್ಟಿ ಆಗುತ್ತೆ!"

ಹೊಯ್ದರು. ಆನೆಯ ಅಚ್ಚಿಗೆ ದಾರ ಸುತ್ತಿ, ಸಂದಿಗೆ ಸ್ಫೂರ್ತಿ ಗೋಧಿಹಿಟ್ಟು ಮೆತ್ತಿದ್ದಳು. ಒಂದು ಹನಿಯೂ ಸೋರಲಿಲ್ಲ. ಮೂವರೂ ನೆಲದ ಮೇಲೆ ಕೂತು ಹೆರಿಗೆ ವಾರ್ಡಿನ ಮುಂದೆ ಕಾದಂತೆ ಕಾದರು. ಅರ್ಧ ಗಂಟೆಯಾಯಿತು. ದಾರ ಬಿಚ್ಚಿದರು. ಅಚ್ಚನ್ನು ಎಳೆದರು.

ಅಚ್ಚು ಬಿಡಲಿಲ್ಲ.

ವೀರೇಂದ್ರ ಒಂದು ಕಡೆ, ಸ್ಫೂರ್ತಿ ಇನ್ನೊಂದು ಕಡೆ ಹಿಡಿದು ಜಗ್ಗಿದರು. ಬಿಡಲಿಲ್ಲ. ಎರಡು ದಿನ ಬಿಸಿಲಲ್ಲಿ ಬಾಯಾರಿದ್ದ ಮರ ಪಾಕವನ್ನು ಗಟಗಟ ಕುಡಿದು, ಸಕ್ಕರೆಯನ್ನು ಅವುಚಿ ಹಿಡಿದುಕೊಂಡಿತ್ತು. ವೀರೇಂದ್ರ ಚಾಕು ತಂದ.

"ಅದಕ್ಕೆ ಚಾಕು ತಾಗ್ಸಿದ್ರೆ ನಿಮ್ಮನ್ನೇ ಅಚ್ಚಿಗೆ ಹಾಕ್ತೀನಿ!" ಎಂದು ದಾಕ್ಷಾಯಣಿ ಕಿರುಚಿದಳು. "ಅಮ್ಮನಿಗೆ ಅಪ್ಪಾಜಿ ಕೊಟ್ಟ ಮೊದಲನೇ ಉಡುಗೊರೆ ಕಣ್ರೀ ಅದು!"

ವೀರೇಂದ್ರ ಚಾಕು ಕೆಳಗಿಟ್ಟ. ರೈಟು ಮಾರ್ಕಿನ ಕನಸು ಹೋಗಲಿ, ಈಗ ನಲವತ್ತೈದು ವರ್ಷದ ಆನೆಯೊಂದನ್ನು ಸಕ್ಕರೆ ಸಮಾಧಿ ಮಾಡಿದ ಅಪರಾಧ ಮೈಮೇಲೆ ಬಂದಿತ್ತು!

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ಭದ್ರಾವತಿಯವರೆಗಿನ ಅರ್ಧ ಗಂಟೆ ದಾರಿಯುದ್ದಕ್ಕೂ ಕಾರಿನಲ್ಲಿ ಅಚ್ಚು ಸ್ಫೂರ್ತಿಯ ತೊಡೆಯ ಮೇಲಿತ್ತು. ಜನ್ನಾಪುರದ ಮನೆಯಲ್ಲಿ ಟಿವಿ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಜ್ಞಾನೇಶನ ಹೆಂಡತಿ ರಶ್ಮಿ ಬಾಗಿಲಿಗೇ ಬಂದು, "ಬನ್ನಿ ಅಣ್ಣ, ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡಿ" ಎಂದು ಕೈಗೆ ಎಳ್ಳು ಸುರಿದಳು.

ಒಳ್ಳೆ ಮಾತಾಡುವ ಸ್ಥಿತಿಯಲ್ಲಿ ವೀರೇಂದ್ರ ಇರಲಿಲ್ಲ. ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟು ಕೂತಿದ್ದ ಮಾವನ ಎಡಕ್ಕೆ ಮಂಡಿಯೂರಿ ಕೂತು ತಪ್ಪೊಪ್ಪಿಗೆ ಶುರುಮಾಡಿದ. ಪ್ರತಿಜ್ಞೆ, ಬಿಸಿಲು, ತೇವಾಂಶ ಸೊನ್ನೆ, ಚಾಕು, ಏನನ್ನೂ ಮುಚ್ಚಿಡಲಿಲ್ಲ. ಜಂಬಣ್ಣನವರು ಹುಬ್ಬು ಕೂಡ ಅಲ್ಲಾಡಿಸದೆ ಟಿವಿ ನೋಡುತ್ತಿದ್ದರು. ಎಂಥ ಗಾಂಭೀರ್ಯ! ಕೊನೆಗೆ ಸ್ಫೂರ್ತಿ ಬಲಗಡೆಗೆ ಹೋಗಿ, "ಅಜ್ಜಾ, ಆನೆ ಅಚ್ಚೊಳಗೆ ಸಿಕ್ಕಿಹಾಕ್ಕೊಂಡಿದೆ" ಎಂದಾಗ ಮಾತ್ರ ತಿರುಗಿ ನೋಡಿದರು.

"ನೆನೆಸಿರ್ಲಿಲ್ವಾ?"

"ಒಣಗ್ಸಿದ್ರು ಅಜ್ಜ."

ಜಂಬಣ್ಣನವರು ಅಳಿಯನನ್ನು ನೋಡಿದರು. ಅಳಿಯ ನೆಲವನ್ನು ನೋಡಿದ.

"ಟಿವಿ ಆರ್ಸಿ" ಎಂದರು ಜಂಬಣ್ಣನವರು. "ಒದ್ದೆ ಬಟ್ಟೆ ತಗೊಂಡ್ ಬನ್ನಿ."

ಅಚ್ಚಿಗೆ ಒದ್ದೆ ಬಟ್ಟೆ ಸುತ್ತಿ ಮಣೆಯ ಮೇಲಿಟ್ಟರು. "ಮರಕ್ಕೆ ನೀರು ಕುಡಿಯೋಕೆ ಬಿಡ್ಬೇಕು. ಸಕ್ಕರೆ ಅಂಚಲ್ಲಿ ಕರಗಿ ತಾನೇ ಕೈಬಿಡುತ್ತೆ. ಒಂದು ಗಂಟೆ." ಇಷ್ಟು ಕೆಮಿಸ್ಟ್ರಿ ವೀರೇಂದ್ರನಿಗೆ ಯಾವ ಪುಸ್ತಕವೂ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿರಲಿಲ್ಲ.

ಆ ಒಂದು ಗಂಟೆ ಯಾರೂ ಎದ್ದು ಹೋಗಲಿಲ್ಲ. ಮಹಾಂತಮ್ಮ ಅವರೆಕಾಯಿ ಬುಟ್ಟಿಯನ್ನು ಅಲ್ಲಿಗೇ ತಂದರು, ಎಲ್ಲರೂ ಸುತ್ತ ಕೂತು ಬಿಡಿಸಿದರು. ಬಾಳೆಗೊನೆ ಕದ್ದ ಕಥೆ ಸ್ಫೂರ್ತಿಯ ಬಾಯಿಂದ ಹೊರಬಿತ್ತು. "ಅದಕ್ಕೇ ನಂದು ಯಾವಾಗ್ಲೂ ಸಣ್ಣದಿರ್ತಿತ್ತಾ ಅಕ್ಕಾ!" ಎಂದು ಜ್ಞಾನೇಶ ನಲವತ್ತನೇ ವಯಸ್ಸಿನಲ್ಲಿ ನ್ಯಾಯ ಕೇಳಲು ಎದ್ದು ನಿಂತ. ಜಂಬಣ್ಣನವರು ಆಗಾಗ ಬಟ್ಟೆಗೆ ನೀರು ಚಿಮುಕಿಸುತ್ತ, ಮಧ್ಯೆ ಮಧ್ಯೆ ಎಲ್ಲರ ಮುಖವನ್ನು ಒಂದು ಸುತ್ತು ನೋಡುತ್ತಿದ್ದರು.

ಗಂಟೆ ಮುಗಿಯಿತು. ಜೇಬಿನಿಂದ ಸುತ್ತಿಗೆ ಹೊರಬಂತು! ಅವರೆಕಾಯಿ ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಟಿಕ್. ಅಚ್ಚನ್ನು ಸ್ವಲ್ಪ ತಿರುಗಿಸಿದರು. ಟಿಕ್. ಮತ್ತೆ ತಿರುಗಿಸಿದರು. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವವರ ಹಾಗೆ, ಎಪ್ಪತ್ತೆಂಟು ವರ್ಷದ ಆ ಬೆರಳುಗಳು ಅಚ್ಚಿನ ಸುತ್ತ ಬಡಿಯುತ್ತ ಹೋದವು. ಟಿಕ್, ಟಿಕ್, ಟಿಕ್. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು.

ಅಚ್ಚು ಪುಸ್ತಕದಂತೆ ತೆರೆದುಕೊಂಡಿತು.

ಮಣೆಯ ಮೇಲೆ ಆನೆ ನಿಂತಿತ್ತು! ಬೆಳ್ಳಗೆ, ಇಡಿಯಾಗಿ, ಈಗ ತಾನೇ ಹೊಳೆಯಲ್ಲಿ ಮಿಂದು ಎದ್ದ ಹಾಗೆ ಮೈ ಹೊಳೆಯುತ್ತಿತ್ತು. ಕಾಲಿನ ಉಗುರು, ಕಿವಿಯ ಮಡಿಕೆ, ಬಾಲದ ತುದಿಯ ಕೂದಲು, ಒಂದೂ ಮುಕ್ಕಾಗಿರಲಿಲ್ಲ. ಮೂರು ಸಲ ತಿದ್ದಿಸಿಕೊಂಡ ಸೊಂಡಿಲು ಮೇಲೆತ್ತಿಕೊಂಡು ಎಲ್ಲರನ್ನೂ ನೋಡುತ್ತಿತ್ತು. ಮಹಾಂತಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಈ ಆನೆ ನಿಜವಾಗಿ ತಾನೇ ಮಾಡಿದ್ದೇ ಎಂದು ವೀರೇಂದ್ರ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಜಂಬಣ್ಣನವರು ಕುಕ್ಕರಗಾಲಲ್ಲಿ ಕೂತರು. ಕಣ್ಣು ಮುಚ್ಚಿದರು. ಸುತ್ತಿಗೆಯ ಹಿಡಿಯಿಂದ ಆನೆಯ ಬೆನ್ನಿಗೆ ತಾಗಿಯೂ ತಾಗದಂತೆ ಬಡಿದರು. ಎಡಗಿವಿ ಹತ್ತಿರ ತಂದರು. ವೀರೇಂದ್ರನ ಎದೆಯಲ್ಲಿ ಹದಿನೆಂಟು ವರ್ಷದ ಹಬ್ಬಗಳೆಲ್ಲ ಒಟ್ಟಿಗೇ ಬಡಿದುಕೊಂಡವು.

ಜೇಬಿನಿಂದ ಸೀಮೆಸುಣ್ಣ ಬಂತು. ಬಿಳಿ ಆನೆಯ ಮೇಲೆ ಬಿಳಿ ಸುಣ್ಣ ಕಾಣುವುದಿಲ್ಲವಲ್ಲ, ಆನೆಯ ಕಾಲ ಬುಡದಲ್ಲಿ, ಮಣೆಯ ಮೇಲೆ ಒಂದು ಗೀಟು ಎಳೆದರು. ಒಂದು ಗೀಟಿನವರೆಗೂ ಆಸೆ ಇತ್ತು. ಅದರ ಮೇಲೆ ಅಡ್ಡ ಇನ್ನೊಂದು ಗೀಟು ಬಿತ್ತು.

ಇಂಟು!

"ಅಪ್ಪಾಜೀ!" ಎಂದಳು ದಾಕ್ಷಾಯಣಿ.

"ಬರೋ ಭಾನುವಾರ ಇನ್ನೊಂದು ಮಾಡ್ಕೊಂಡು ಬನ್ನಿ" ಎಂದು ಜಂಬಣ್ಣನವರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. "ಎಲ್ರೂ ಬನ್ನಿ."

ವೀರೇಂದ್ರ ಕುಸಿದು ಕೂತ. ಆದರೆ ಸೋಲಿನ ಆ ಆಳದಲ್ಲೂ ಅವನಲ್ಲಿದ್ದ ವಿಜ್ಞಾನಿ ಸತ್ತಿರಲಿಲ್ಲ. ಕಣ್ಣಿಗೆ ಕಾಣದ, ಕೈಗೆ ಸಿಗದ, ಹದಿನೆಂಟು ವರ್ಷ ತನ್ನನ್ನು ಕಾಡಿದ ಆ ದೋಷ ಯಾವುದೆಂದು ಇವತ್ತು ತಿಳಿಯಲೇಬೇಕು. ಮಾವನ ಬಲಕ್ಕೆ ಸರಿದು, ಕೈಮುಗಿದು ಕೇಳಿದ.

"ಮಾವ, ಇವತ್ತು ಹೇಳ್ಲೇಬೇಕು. ನಾನು ಏನು ತಂದ್ರೂ ಎಡಗಿವಿ ಕೊಟ್ಟು ಕೇಳ್ತೀರಲ್ಲ, ನಿಮಗೆ ಅದರಲ್ಲಿ ಏನು ಕೇಳ್ಸುತ್ತೆ?"

"ಎಡಗಿವೀಲಾ?" ಜಂಬಣ್ಣನವರು ಆನೆಯ ಬಾಲವನ್ನು ಮುರಿದು ಬಾಯಿಗೆ ಹಾಕಿಕೊಂಡರು. "ಏನೂ ಕೇಳ್ಸಲ್ಲ ಮಾರಾಯ್ರೆ. ಅದು ನಿಮ್ಮ ಮದುವೆಗೂ ಮುಂಚೇನೇ ಹೋಗಿದೆ."

"ಮತ್ತೆ ಇಂಟು ಯಾಕೆ ಮಾವ?!"

"ರೈಟು ಹಾಕಿದ್ರೆ ನೀವು ಮತ್ತೆ ಬರೋದು ಯುಗಾದಿಗೆ."